ಒಂಬತ್ತನೇ ತಲೆಮಾರಿನ ಮೊಮ್ಮಗ

ನಾನು ಕಾಗದದವಳು. ಹೆಸರು ಇನ್ಸಿಲ್. ನಮ್ಮೂರು ಸೋಲ್ಮೆಯಲ್ಲಿ ಹಳೇ ಮನೆಗಳ ಬಾಗಿಲು, ಕಿಟಕಿ, ನೆಲ, ಸೂರು, ಎಲ್ಲಕ್ಕೂ ಕಾಗದ ಅಂಟಿಸುವುದು ನನ್ನ ಕೆಲಸ. ಮೂವತ್ತೈದು ವರ್ಷದಿಂದ ಗೋಧಿ ಅಂಟು ಕಲಸಿ ಕಲಸಿ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಬ್ಯಾಂಕಿನ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದಕ್ಕೆ ನಾನು ಯಾರೆಂದು ಗೊತ್ತಾಗುವುದಿಲ್ಲ. ನನಗೆ ಮಾತ್ರ ಈ ಊರಿನ ಯಾವ ಮನೆ ಕಾಗದದ ಹಿಂದೆ ಏನನ್ನು ಮುಚ್ಚಿಟ್ಟುಕೊಂಡಿದೆ ಎಂದು ಚೆನ್ನಾಗಿ ಗೊತ್ತು.

ಪ್ಯೋ ದೂಸಿಕ್‌ನನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈ ಮಹಾಶಯ ದುಡ್ಡು ಮಾಡಿದ್ದು ಅಲ್ಯೂಮಿನಿಯಂ ಕಿಟಕಿ ಮಾರಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮನೆಮನೆಗೆ ಹೋಗಿ, "ಕಾಗದದ ಬಾಗಿಲು ದರಿದ್ರದ ಲಕ್ಷಣ, ಕಿತ್ತು ಬಿಸಾಕಿ" ಎಂದು ಭಾಷಣ ಬಿಗಿದು ಸೋಲ್ಮೆಯ ಅರ್ಧ ಬಾಗಿಲುಗಳನ್ನು ಒಲೆ ಪಾಲು ಮಾಡಿದವನು ಇವನೇ. ನೂರು ವರ್ಷದ ಜಾಲರಿ ಬಾಗಿಲುಗಳು ಸೌದೆಯ ಜೊತೆ ಉರಿಯುವುದನ್ನು ನೋಡಿ ನನ್ನ ಅತ್ತೆ ಮೂರು ದಿನ ನೆಟ್ಟಗೆ ಊಟ ಮಾಡಲಿಲ್ಲ. ಅಂಥವನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಹಳೇ ಮನೆಗಳ ಮೇಲೆ ಪ್ರೀತಿ ಉಕ್ಕಿ ಹರಿಯಿತು.

ಮೂರು ವರ್ಷದ ಹಿಂದೆ ಊರಿನ ಮೇಲ್ಬದಿಯ ದೊಡ್ಡ ಹೆಂಚಿನ ಮನೆ ಮಾರಾಟಕ್ಕೆ ಬಂದಾಗ ಅವನು ಅದನ್ನು ಕೊಂಡ. ಕೊಳ್ಳಲಿ, ಬೇಡ ಅಂದವರಾರು? ಆದರೆ ಕೊಂಡ ಮಾರನೇ ದಿನದಿಂದಲೇ ಹೊಸ ರಾಗ ಶುರುವಾಯಿತು. ಇದು ತನ್ನ ಪೂರ್ವಿಕರದೇ ಮನೆಯಂತೆ. ಕೆಟ್ಟ ಕಾಲದಲ್ಲಿ ಕೈತಪ್ಪಿ ಹೋಗಿತ್ತಂತೆ. ತಾನು ಇಲ್ಲಿನ ಒಂಬತ್ತನೇ ತಲೆಮಾರಂತೆ. ಚರ್ಮದ ರಟ್ಟು ಹಾಕಿದ ವಂಶಾವಳಿಯ ಪುಸ್ತಕ ಬೇರೆ ಮಾಡಿಸಿದ್ದ. ಅದನ್ನು ಬಂದವರಿಗೆಲ್ಲ ಎರಡೂ ಕೈಯಲ್ಲಿ ಹಿಡಿದು ತೋರಿಸುತ್ತಿದ್ದ. ಮುಟ್ಟಿದರೆ ಬೆರಳಿಗೆ ಅಚ್ಚಿನ ಮಸಿ ಹತ್ತುತ್ತಿತ್ತು.

ಮನೆಯನ್ನೂ ಅವನು ಸುಮ್ಮನೆ ಬಿಡಲಿಲ್ಲ. ಅದರ ಚಿಮಣಿ ಮೊಣಕಾಲೆತ್ತರಕ್ಕಿತ್ತು. ಊರಲ್ಲಿ ಹಸಿದವರ ಕಣ್ಣಿಗೆ ತಮ್ಮ ಅಡುಗೆಯ ಹೊಗೆ ಬೀಳದಿರಲಿ ಎಂದು ನಮ್ಮ ಹಿಂದಿನವರು ಗಿಡ್ಡ ಚಿಮಣಿ ಕಟ್ಟುತ್ತಿದ್ದರು. ದೂಸಿಕ್‌ಗೆ ಅದು ಮಾನ ಹೋದ ಹಾಗೆ. ಎರಡಾಳೆತ್ತರದ ಚಿಮಣಿ ಎಬ್ಬಿಸಿದ. ನಮ್ಮ ಕಡೆ ಒಲೆಯ ಬಿಸಿ ನೆಲದ ಕಲ್ಲುಗಳ ಅಡಿಯಲ್ಲಿ ಸುತ್ತಾಡಿ, ಕೋಣೆ ಬೆಚ್ಚಗೆ ಮಾಡಿ, ಆಮೇಲೆ ಚಿಮಣಿ ಸೇರಬೇಕು. ಅಲ್ಲಿಂದ ಮುಂದೆ ಒಲೆಗೆ ಹಾಕಿದ ಬೆಂಕಿಯೆಲ್ಲ ನೆಲದ ಕಲ್ಲುಗಳ ಅಡಿಯಲ್ಲಿ ಒಂದು ಗಳಿಗೆಯೂ ನಿಲ್ಲದೆ ಸೀದಾ ಆಕಾಶಕ್ಕೆ ಹೋಗತೊಡಗಿತು. ಗಾಡಿಗಟ್ಟಲೆ ಸೌದೆ ಸುಟ್ಟರೂ ನೆಲ ಹಿಮದ ಹಾಗೆ ತಣ್ಣಗಿತ್ತು. ಪಾಪ, ರೇಷ್ಮೆ ದಿಂಬಿನ ಕೆಳಗೆ ಕರೆಂಟಿನ ಚಾಪೆ ಹಾಸಿಕೊಂಡು ಕೂರುತ್ತಿದ್ದ. ಅದರ ವೈರು ಕಾಣದ ಹಾಗೆ ಮೇಲೆ ಕಾಗದ ಅಂಟಿಸಿದ್ದು ನಾನೇ.

ಇನ್ನೂ ಒಂದನ್ನು ಮುಚ್ಚುವುದನ್ನು ನಾನು ಕಣ್ಣಾರೆ ಕಂಡಿದ್ದೆ. ನಮ್ಮಲ್ಲಿ ಮನೆ ಕಟ್ಟುವಾಗ ಸೂರಿನ ನೆತ್ತಿಗೆ ತೊಲೆ ಏರಿಸುವ ದಿನ ಅದರ ಮೇಲೆ ಇಸವಿ, ತಿಂಗಳು, ದಿನ, ಗಳಿಗೆ ಬರೆಯುತ್ತಾರೆ. ಬೆಂಕಿ ಬೀಳದಿರಲಿ ಎಂದು ಒಂದು ತುದಿಗೆ ನೀರಿನ ಡ್ರ್ಯಾಗನ್ನಿನ ಅಕ್ಷರ, ಇನ್ನೊಂದು ತುದಿಗೆ ಆಮೆಯ ಅಕ್ಷರ. ಮನೆಗೆ ಅದೇ ಜಾತಕ. ದೂಸಿಕ್ ಕೊಂಡ ಮನೆಯ ನಡುಹಾಲಿನ ತೊಲೆ ಸಾವಿರದ ಒಂಬೈನೂರ ಮೂವತ್ನಾಲ್ಕು ಎಂದು ಸ್ಪಷ್ಟವಾಗಿ ಹೇಳುತ್ತಿತ್ತು. ಮ್ಯೋಂಗ್ ಎಂಬ ಅಕ್ಕಿ ಗಿರಣಿ ಮಾಲೀಕ ಹಳೇ ಮನೆ ಕೆಡವಿ ಹೊಸದಾಗಿ ಕಟ್ಟಿಸಿದ್ದೆಂದೂ ಹೇಳುತ್ತಿತ್ತು. ಇವನು ಮೊದಲ ವಾರದಲ್ಲೇ ಅದರ ಮೇಲೆ ಉದ್ದದ ಹಲಗೆ ಹೊಡೆಸಿ, 'ಒಂಬತ್ತು ತಲೆಮಾರಿನ ಕೀರ್ತಿ' ಎಂದು ಚಿನ್ನದ ಬಣ್ಣದಲ್ಲಿ ಬರೆಸಿದ.

ಹೋದ ಶರತ್ಕಾಲದಲ್ಲಿ ಹೇಳಿ ಕಳಿಸಿದ. ಬಾಗಿಲುಗಳಿಗೆಲ್ಲ ಹೊಸ ಕಾಗದ ಆಗಬೇಕು. ಮನೆಗೆ ಪಾರಂಪರಿಕ ಮನೆಯೆಂಬ ಫಲಕ ಸಿಗಬೇಕೆಂದು ಅರ್ಜಿ ಹಾಕಿದ್ದನಂತೆ, ಅಧಿಕಾರಿಗಳು ನೋಡಲು ಬರುತ್ತಾರಂತೆ. ಪಕ್ಕದ ಪಟ್ಟಣದಿಂದ ಪ್ಯೋ ಮನೆತನದ ಹಿರಿಯರೂ ಬರುತ್ತಾರಂತೆ. ಮನಸ್ಸಿಗೆ ಬಂದರೆ ಮನೆತನದ ದೊಡ್ಡ ಪುಸ್ತಕದಲ್ಲಿ ಇವನ ಹೆಸರು ಸೇರಿಸುತ್ತಾರಂತೆ.

ಬಾಗಿಲು ಕಳಚಿ, ಹಳೇ ಕಾಗದ ಬಿಡಲೆಂದು ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದೆ. ದೂಸಿಕ್ ಹಿಂದೆ ಕೈಕಟ್ಟಿಕೊಂಡು ಬಂದು ನಿಂತ.

"ಕಾಗದದಮ್ಮಾ, ಹೆಬ್ಬಾಗಿಲ ಪಕ್ಕದ ಆಳುಗಳ ಕೋಣೆ ಸಾಲಿಗೆ ಏನೂ ಅಂಟಿಸ್ಬೇಡ. ದಂಡ."

"ಯಾಕ್ ಯಜಮಾನ್ರೇ?"

"ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕೋದು ಮುಗೀತಿದ್ದಂಗೆ ಕೆಡವಿಸ್ತೀನಿ. ದೊಡ್ಡ ಮನೆ ಮುಂದೆ ಅದೆಂಥ ಗುಡಿಸಲು? ಬಂದೋರು ಕಾರು ಎಲ್ಲಿ ನಿಲ್ಲಿಸ್ಬೇಕು?"

"ಅಲ್ಲಿ ಮಾಕ್ಸುನ್ ಅಕ್ಕ ಇದ್ದಾಳಲ್ಲ!"

"ಗೇಟಿನ ಮುದುಕೀನಾ? ಅವಳಿಗೇನು, ಎಲ್ಲಾದ್ರೂ ಹೋಗ್ತಾಳೆ. ಅವಳ ಗಂಡನ ಮನೆತನದ ಹೆಸರೂ ಪ್ಯೋ ಅಂತೆ. ನೋಡಿದೋರು ಏನಂದ್ಕೊಳ್ಳಲ್ಲ? ಕೇಳಿದ್ರೆ ಹೇಳು, ಅವರು ಬೇರೆ ಪ್ಯೋ ಅಂತ."

ಥೂ, ಇವನ ಬಾಯಿಗಿಷ್ಟು! ಐವತ್ತೇಳು ವರ್ಷದ ಹಿಂದೆ ಮದುವೆಯಾಗಿ ಬಂದಾಗಿನಿಂದ ಮಾಕ್ಸುನ್ ಅಕ್ಕ ಇರುವುದು ಆ ಸಾಲಿನ ಒಂದೇ ಕೋಣೆಯಲ್ಲಿ. ಗಂಡನ ಮನೆಯವರು ತಲೆತಲಾಂತರದಿಂದ ಆ ಹೆಬ್ಬಾಗಿಲು ಕಾದವರು. ಹಿಂದಿನ ಒಡತಿ "ಬದುಕಿರೋ ತನಕ ಇಲ್ಲೇ ಇರೇ" ಎಂದಿದ್ದಳು, ಅಷ್ಟೇ. ಕಾಗದ ಪತ್ರ ಏನೂ ಇಲ್ಲ. ಗಂಡ ಹೋಗಿ ಹನ್ನೆರಡು ವರ್ಷವಾಯಿತು, ಮಕ್ಕಳಾಗಲಿಲ್ಲ. ಎಪ್ಪತ್ತೊಂಬತ್ತರ ಮುದುಕಿಗೆ ಜಗತ್ತಿನಲ್ಲಿ ತನ್ನದೆಂದು ಇದ್ದದ್ದು ಒಲೆಗೆ ಹತ್ತಿರದ, ಹಿರಿಯರಿಗೆಂದೇ ಬಿಡುವ ಆ ಬೆಚ್ಚನೆಯ ಜಾಗ ಒಂದೇ.

ಕೆಲಸ ಬಿಟ್ಟು ನೆಟ್ಟಗೆ ಅವಳ ಕೋಣೆಗೆ ಹೋದೆ. ಸೂರಿನಿಂದ, ಹುದುಗಲೆಂದು ಕಟ್ಟಿದ ಸೋಯಾಕಾಳಿನ ಮುದ್ದೆಗಳು ಹುಲ್ಲಿನ ಹಗ್ಗದಲ್ಲಿ ನೇತಾಡುತ್ತಿದ್ದವು. ಒಲೆಯ ಕಡೆಯ ನೆಲದ ಎಣ್ಣೆ ಕಾಗದ ಬಿಸಿಗೆ ಕಂದಿ ಬೆಲ್ಲದ ಬಣ್ಣಕ್ಕೆ ಬಂದಿತ್ತು. ಅಕ್ಕ ಅಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಕೇಳಿದ್ಯಾ ಅಕ್ಕಾ?"

"ಕೇಳ್ದೆ. ತಂಗಿ ಮಗಳು ಬಾ ಅಂದಿದ್ದಾಳೆ. ಹದಿನಾಲ್ಕನೇ ಮಹಡಿ. ಹೋಗಿ ನೋಡ್ಕೊಂಡೂ ಬಂದೆ."

"ಹೆಂಗಿದೆ?"

"ನೆಲ ಎಲ್ಲಾ ಕಡೆ ಒಂದೇ ಬಿಸಿ ಕಣೇ. ಈ ಕಡೆ ಕೂತ್ರೂ ಅಷ್ಟೇ, ಆ ಕಡೆ ಕೂತ್ರೂ ಅಷ್ಟೇ. ದೊಡ್ಡೋರ ಜಾಗ ಯಾವ್ದು, ಚಿಕ್ಕೋರ ಜಾಗ ಯಾವ್ದು ಅಂತ ಗೊತ್ತಾಗೋದಾದ್ರೂ ಹೆಂಗೆ? ಸೋಫಾ ಮೇಲೆ ಕೂರಿಸಿದ್ರು. ಕಾಲೇ ನೆಲಕ್ಕೆ ಎಟಕಲಿಲ್ಲ. ಸೋಯಾ ಮುದ್ದೆ ತರಬೇಡಿ, ವಾಸ್ನೆ ಅಂದ್ರು." ಅವಳು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಇಲ್ಲೇ ಸಾಯ್ಬೇಕು ಅಂತಿತ್ತು ಇನ್ಸಿಲ್. ಈ ಜಾಗದ ಮೇಲೆ ಮಲಗಿ."

ನನಗೆ ಸಿಟ್ಟು ಬಂತು. ತಲೆ ಎತ್ತಿ ಸೂರು ನೋಡಿದೆ. ಮೂವತ್ತೊಂದು ವರ್ಷದ ಹಿಂದೆ ನಾನೂ ನನ್ನ ಅತ್ತೆಯೂ ಆ ಸೂರಿನ ಹಳೇ ಕಾಗದ ಕಿತ್ತಿದ್ದೆವು. ಒಳಗಿನ ತೊಲೆಯನ್ನು ದೀಪ ಹಿಡಿದು ನೋಡಿ ಅತ್ತೆ ಹೇಳಿದ್ದಳು: "ಇನ್ಸಿಲ್, ಇದು ದೊಡ್ಡ ಮನೆಗಿಂತ ನೂರೈವತ್ತು ವರ್ಷ ಹಳೇದು ಕಣೇ. ಗಿರಣಿಯವನು ಎಲ್ಲಾ ಕೆಡವಿದ್ದಾನೆ, ಆಳುಗಳ ಕೋಣೆ ಅಂತ ಇದನ್ನ ಮಾತ್ರ ಮುಟ್ಟಿಲ್ಲ."

ಇದನ್ನು ದೂಸಿಕ್‌ಗೆ ಹೋಗಿ ಹೇಳಬಹುದಿತ್ತು. ಹೇಳಿದ್ದರೆ, ಆಳುಗಳ ಸಾಲೇ ತನ್ನ ಮನೆಗಿಂತ ಹಳೇದೆಂದು ಹೊರಬೀಳದಿರಲಿ ಎಂದು ಸಂಜೆಯೊಳಗೆ ಬುಲ್ಡೋಜರ್ ತರಿಸುತ್ತಿದ್ದ. ಆ ತೊಲೆಯನ್ನು ಮೊದಲು ಅಧಿಕಾರಿ ನೋಡಬೇಕು, ಅದೂ ದೂಸಿಕ್ಕನೇ ಕೈಹಿಡಿದು ಕರೆತಂದು ತೋರಿಸಬೇಕು.

"ಬೇಡ ಕಣೇ, ಯಾಕೆ ಇಲ್ಲದ ಉಸಾಬರಿ" ಎಂದಳು ಅಕ್ಕ.

"ನೀನು ಬೆಳ್ಳುಳ್ಳಿ ಬಿಡಿಸು" ಎಂದೆ.

ಅಧಿಕಾರಿಯಾಗಿ ಬಂದವಳು ಸೊನ್ಹಾ ಎಂಬ ಮೂವತ್ತರ ಹೆಂಗಸು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕ್ಯಾಮೆರಾ, ಮಾತು ಕಡಿಮೆ. ಮನೆತನದ ಹಿರಿಯರು ಎಂಬತ್ತಾರರವರು. ಬಿಳಿ ನಿಲುವಂಗಿ, ಕುದುರೆಕೂದಲ ಟೋಪಿ, ಊರುಗೋಲು. ಎಲ್ಲರೂ ಅವರನ್ನು ದೊಡ್ಡಯ್ಯ ಎನ್ನುತ್ತಿದ್ದರು. ದೂಸಿಕ್ಕೂ ಹೊಸ ಟೋಪಿ ಹಾಕಿಕೊಂಡಿದ್ದ. ಅದರ ದಾರ ಕಟ್ಟಲು ಬಾರದೆ ಟೋಪಿ ಹೆಜ್ಜೆಹೆಜ್ಜೆಗೂ ಕಿವಿಯ ಮೇಲೆ ಜಾರುತ್ತಿತ್ತು.

ನಾನು ನಡುಹಾಲಿನ ಕೊನೆಯ ಬಾಗಿಲನ್ನು ಚೌಕಟ್ಟಿಗೆ ಸಿಕ್ಕಿಸುತ್ತಿದ್ದೆ. ಸೊನ್ಹಾ ಕಂಬ ತಟ್ಟಿದಳು, ತಲೆ ಎತ್ತಿದಳು, ಹಲಗೆಯ ಮೇಲೆ ಕಣ್ಣು ನಿಲ್ಲಿಸಿದಳು.

"ಸರ್, ತೊಲೆ ಮೇಲೆ ಈ ಹಲಗೆ ಯಾಕೆ?"

"ಅದು... ಗೆದ್ದಲು ಮೇಡಂ."

"ತೊಲೆಯ ಬರಹ ನೋಡದೆ ಇಸವಿ ಬರೆಯೋಕಾಗಲ್ಲ ಸರ್."

ದೂಸಿಕ್‌ನ ಮುಖ ಸುಣ್ಣದಂತಾಯಿತು. ಇದಕ್ಕಿಂತ ಒಳ್ಳೇ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಅಂಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವನ ಕಿವಿಯ ಹತ್ತಿರ ಹೋದೆ.

"ಯಜಮಾನ್ರೇ, ಹೆಬ್ಬಾಗಿಲ ಸಾಲಿನ ತೊಲೆ ತೋರ್ಸಿ. ಇನ್ನೂರ ನಲವತ್ತು ವರ್ಷದ್ದು. ನಾನೇ ನೋಡಿದೀನಿ. ಮನೆ, ಸಾಲು ಎಲ್ಲಾ ಒಂದೇ ದಿನ ಕಟ್ಟಿದ್ದು ಅಂತ ನೀವೇ ಹೇಳ್ತಿದ್ರಲ್ಲ!"

ಅವನು ಯಾವತ್ತೂ ಹಾಗೆ ಹೇಳಿರಲಿಲ್ಲ. ಆದರೆ ಇಂಥವರಿಗೆ ತಾವು ಏನು ಹೇಳಿದ್ದೇವೆ, ಏನು ಹೇಳಿಲ್ಲ ಎನ್ನುವುದು ನೆನಪಿನಲ್ಲಿ ಇರುವುದಿಲ್ಲ. ಮುಖ ಒಮ್ಮೆಲೇ ಅರಳಿತು.

"ಹೌದ್ ಹೌದು! ಒಂದೇ ದಿನ ಕಟ್ಟಿದ್ದು! ಬನ್ನಿ ಮೇಡಂ, ಬನ್ನಿ ದೊಡ್ಡಯ್ಯ!"

ಆಳುಗಳ ಕೋಣೆಯ ಬಾಗಿಲು ಕಣ್ಣಿನೆತ್ತರಕ್ಕಿಂತ ಹೆಚ್ಚಿಲ್ಲ. ಸೊನ್ಹಾ ಬಗ್ಗಿ ಒಳಗೆ ಹೋದಳು. ದೊಡ್ಡಯ್ಯ ಟೋಪಿ ಹಿಡಿದು ಬಗ್ಗಿ ಹೋದರು. ಮೂರು ವರ್ಷದಲ್ಲಿ ಒಮ್ಮೆಯೂ ಆ ಹೊಸಿಲು ದಾಟದ ದೂಸಿಕ್ ಎದೆ ಸೆಟೆಸಿಕೊಂಡು ನುಗ್ಗಿದ. ಠಣ್ ಎಂದು ಸದ್ದಾಯಿತು. ಟೋಪಿ ಅಂಗಳಕ್ಕೆ ಉರುಳಿತು.

"ನೋಡ್ಕೊಂಡು ಬರ್ಬಾರ್ದಾ" ಎಂದಳು ಅಕ್ಕ, ಬೆಳ್ಳುಳ್ಳಿಯಿಂದ ತಲೆ ಎತ್ತದೆ.

"ಕೀಳು, ಕೀಳು!" ಎಂದು ಅವನು ಹಣೆ ಉಜ್ಜಿಕೊಳ್ಳುತ್ತ ನನಗೆ ಅವಸರ ಮಾಡಿದ. ಏಣಿ ಹತ್ತಿ ಸೂರಿನ ಕಾಗದ ಬಿಡಿಸಿದೆ. ನಾನೇ ಅಂಟಿಸಿದ ಹೂವಿನ ಕಾಗದ, ಅದರ ಹಿಂದೆ ನಾನೇ ಬೆನ್ನಿಗೆ ಕೊಟ್ಟ ಹಳೇ ಪತ್ರಿಕೆ, ಎಲ್ಲ ಸುರುಳಿಯಾಗಿ ಕೆಳಗೆ ಬಿತ್ತು. ಸೊನ್ಹಾ ಏಣಿ ಹತ್ತಿ ಟಾರ್ಚು ಬಿಟ್ಟಳು. ಒಂದು ತುದಿಗೆ ಡ್ರ್ಯಾಗನ್, ಒಂದು ತುದಿಗೆ ಆಮೆ. ನಡುವಿನ ಸಾಲನ್ನು ಅವಳು ಮೆಲ್ಲಗೆ ಓದಿದಳು. ಸಾವಿರದ ಏಳುನೂರ ಎಂಬತ್ತೊಂದು, ಮೂರನೇ ತಿಂಗಳು. ಅದರ ಕೆಳಗೆ ಸೊಟ್ಟಂಬಟ್ಟ ಅಕ್ಷರದಲ್ಲಿ, ಆಳುಗಳೇ ಬರೆದದ್ದು: 'ಮಣ್ಣು ಹೊತ್ತವರು ದೋಲ್ಸೆ, ಗೆತೊಂಗ್, ಮತ್ತು ನಾವೆಲ್ಲ.'

"ನೋಡಿದ್ರಾ!" ದೂಸಿಕ್ ಕುಣಿದಾಡಿದ. "ಇನ್ನೂರ ನಲವತ್ತು ವರ್ಷ! ನಾನು ಹೇಳ್ಲಿಲ್ವಾ?"

"ತುಂಬಾ ಅಪರೂಪದ್ದು ಸರ್" ಎಂದಳು ಸೊನ್ಹಾ. ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. "ದೊಡ್ಡ ಮನೆಯ ಹಲಗೇನೂ ತೆಗೆಸಿ. ಎರಡೂ ಒಂದೇ ದಿನದ್ದಾ ಅಂತ ಹೊಂದಿಸಿ ನೋಡ್ಬಿಡೋಣ."

"ಗೆದ್ದಲು ಮೇಡಂ..."

"ತೆಗ್ಸೋ" ಎಂದರು ದೊಡ್ಡಯ್ಯ. "ಗೆದ್ದಲಿಗೆ ನಾನು ಹೆದರಲ್ಲ."

ಎಲ್ಲರೂ ಮತ್ತೆ ನಡುಹಾಲಿಗೆ ಬಂದೆವು. ಹಲಗೆ ಕೀಳುವ ಭಾಗ್ಯವೂ ನನ್ನದೇ. ನಾಲ್ಕು ಮೊಳೆ ಮೀಟಿದೆ, ಒಂಬತ್ತು ತಲೆಮಾರಿನ ಕೀರ್ತಿ ಧಡಾರೆಂದು ನೆಲಕ್ಕೆ ಬಿತ್ತು. ಗೆದ್ದಲು ಒಂದೂ ಇರಲಿಲ್ಲ. ಸೊನ್ಹಾ ಓದಿದಳು. ಮೂವತ್ನಾಲ್ಕು, ಅಕ್ಕಿ ಗಿರಣಿಯ ಮ್ಯೋಂಗ್.

"ಇದು ತೊಂಬತ್ತು ವರ್ಷದ ಮನೆ ಸರ್. ಚಿಮಣಿ ಬೇರೆ ಬದಲಾಗಿದೆ. ಇದಕ್ಕೆ ಫಲಕ ಕೊಡೋಕೆ ಬರಲ್ಲ. ಕೊಡೋದಾದ್ರೆ ಆಳುಗಳ ಸಾಲಿಗೆ. ವರದಿ ಇವತ್ತೇ ಹೋಗುತ್ತೆ. ಅದರ ಒಂದು ಹೆಂಚೂ ಅಲುಗಿಸೋ ಹಾಗಿಲ್ಲ."

ದೊಡ್ಡಯ್ಯ ಊರುಗೋಲನ್ನು ನೆಲಕ್ಕೆ ಕುಟ್ಟಿದರು. "ದೂಸಿಕ್, ನಮ್ಮೋರು ಒಂಬತ್ತು ತಲೆಮಾರು ಇಲ್ಲಿದ್ರು ಅಂದ್ಯಲ್ಲ. ಗಿರಣಿಯವನು ನಮ್ಮೋನಲ್ಲ. ಹಳೇದು ಅಂತ ಉಳಿದಿರೋದು ಆ ಸಾಲು ಒಂದೇ. ಅಲ್ಲಿ ಬರೆದಿರೋ ಹೆಸರಲ್ಲಿ ನಮ್ಮೋರು ಯಾರಾದ್ರೂ ಇದ್ದಾರೋ, ಇಲ್ವೋ? ಇಲ್ಲ ಅಂದ್ರೆ ಹೇಳ್ಬಿಡು. ದೊಡ್ಡ ಪುಸ್ತಕ ತೆಗೆಯೋ ಶ್ರಮ ನಂಗೂ ತಪ್ಪುತ್ತೆ."

ದೂಸಿಕ್ ಬೆವತ. ಕುದುರೆಕೂದಲ ಟೋಪಿಯನ್ನು ಎರಡೂ ಕೈಯಲ್ಲಿ ತಿರುವಿದ. ಇಲ್ಲ ಎಂದು ನಿಜ ಹೇಳಿ ಮನೆಗೆ ಹೋಗಿ ಮಲಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮ ಜನಕ್ಕೆ ಪೂರ್ವಿಕರಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಬೀದಿಯಲ್ಲಿ ಸಿಕ್ಕವರ ಪೂರ್ವಿಕರನ್ನು ಎತ್ತಿಕೊಳ್ಳುವುದು ಸುಲಭ.

"ಇದ್ದಾರೆ ದೊಡ್ಡಯ್ಯ! ಗೆತೊಂಗ್ ಅಂತ ಇದ್ಯಲ್ಲ, ಅದು... ನಮ್ಮ ಮೂಲ ಪುರುಷರ ಚಿಕ್ಕಂದಿನ ಹೆಸರು. ಅವರಿಂದ ಎಣಿಸಿದ್ರೆ ನಾನು ಒಂಬತ್ತನೇಯೋನು. ದೊಡ್ಡ ಮನಸ್ಸು ಅವರದ್ದು, ಆಳುಗಳ ಜೊತೆ ತಾವೂ ಮಣ್ಣು ಹೊತ್ರು."

ಗೆತೊಂಗ್ ಎಂದರೆ ನಾಯಿಹೇಲು. ಕೆಟ್ಟ ಕಣ್ಣು ಬೀಳದಿರಲಿ ಎಂದು ಮಕ್ಕಳಿಗೆ ಇಡುತ್ತಿದ್ದ ಹೆಸರು. ದೊಡ್ಡವರ ಮನೆಯಲ್ಲೂ ಇಡುತ್ತಿದ್ದರು.

"ಇರಬಹುದು" ಎಂದರು ದೊಡ್ಡಯ್ಯ. "ನನ್ನನ್ನೂ ಏಳು ವರ್ಷ ಹಂದಿಮರಿ ಅಂತ ಕರೀತಿದ್ರು."

ದೂಸಿಕ್‌ಗೆ ಜೀವ ಬಂತು. ಅಷ್ಟರಲ್ಲಿ ಅಂಗಳದಿಂದ ದನಿ ಕೇಳಿತು. ಮಾಕ್ಸುನ್ ಅಕ್ಕ ಮಡಿಲಲ್ಲಿ ಬೆಳ್ಳುಳ್ಳಿ ಸಿಪ್ಪೆ ಕಟ್ಟಿಕೊಂಡು ಬಂದು ನಿಂತಿದ್ದಳು.

"ಗೆತೊಂಗ್ ಅಂದ್ರಾ? ಅವರು ನಮ್ಮನೆಯವರ ತಾತನ ತಾತನ ತಾತ ಅಲ್ವಾ! ಪ್ರತಿ ವರ್ಷ ಅವರ ಹೆಸರು ಹೇಳಿ ಎಡೆ ಇಟ್ಟೋಳು ನಾನು." ದೂಸಿಕ್‌ನನ್ನು ಮೇಲಿಂದ ಕೆಳಗೆ ನೋಡಿದಳು. "ಅಯ್ಯೋ, ಹಾಗಾದ್ರೆ ನೀನು ನಮ್ಮೋನೇ ಏನೋ ದೂಸಿಕ್! ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

ದೂಸಿಕ್ "ಅಲ್ಲ... ಅವರು ಬೇರೆ ಪ್ಯೋ..." ಎಂದು ತೊದಲಿದ.

"ಬೇರೆ ಹೆಂಗಾಗುತ್ತೋ? ಗೆತೊಂಗ್ ಒಬ್ರೇ ತಾನೆ?" ಎಂದು ದೊಡ್ಡಯ್ಯ ಗದರಿದರು. ಆಮೇಲೆ ಬೆರಳು ಮಡಿಸುತ್ತ ಎಣಿಸತೊಡಗಿದರು. ತಲೆಮಾರು ಎಣಿಸುವುದೆಂದರೆ ಅವರಿಗೆ ಹಬ್ಬದೂಟವಿದ್ದಂತೆ. "ಗೆತೊಂಗ್ ಒಂದು. ತಾತ, ತಾತನ ತಾತ, ಅವನ ತಾತ... ಈಯಮ್ಮನ ಯಜಮಾನರು ಏಳನೇಯೋರು. ನೀನು ಒಂಬತ್ತನೇಯೋನು. ಎರಡು ತಲೆಮಾರು ಕೆಳಗೆ. ಅಂದ್ಮೇಲೆ ನೀನು ಮೊಮ್ಮಗ, ಈಯಮ್ಮ ನಿಂಗೆ ಅಜ್ಜಿ! ಮನೆತನದ ಅಜ್ಜಿ ಎದುರಿಗೆ ಬಂದಾಗ ಕಂಬದ ಹಾಗೆ ನಿಂತಿದ್ದೀಯಲ್ಲೋ, ಬಗ್ಗು!"

ದೂಸಿಕ್ ಸೊನ್ಹಾ ಕಡೆ ನೋಡಿದ. ಅವಳು ಆಗಲೇ ಅರ್ಜಿಯ ಹಾಳೆ ತೆಗೆದು, "ಗೆತೊಂಗ್ ವಂಶ ಅಂತ ಬರ್ಕೊಳ್ಲಾ ಸರ್?" ಎಂದು ಪೆನ್ನು ಹಿಡಿದು ಕಾಯುತ್ತಿದ್ದಳು. ಬರೆಯಬೇಡಿ ಎಂದರೆ ವಂಶವೂ ಹೋಯಿತು, ಫಲಕವೂ ಹೋಯಿತು, ದೊಡ್ಡ ಪುಸ್ತಕವೂ ಹೋಯಿತು. ಅವನು ಸೊಂಟ ಬಗ್ಗಿಸಿದ. ಕೈಯಲ್ಲಿದ್ದ ಟೋಪಿ ಮತ್ತೆ ನೆಲಕ್ಕೆ ಉರುಳಿತು.

"ಹಾಗಲ್ಲ. ಹೊಸ ವರ್ಷದ ದಿನ ಬಂದು ಪೂರ್ತಿ ಅಡ್ಡಬೀಳ್ತೀಯ" ಎಂದರು ದೊಡ್ಡಯ್ಯ. "ಪ್ರತಿ ವರ್ಷ. ಮೊದಲನೇ ವರ್ಷ ನಾನೇ ಬಂದು ನೋಡ್ತೀನಿ. ಮತ್ತೆ, ಸಾಲು ಕೆಡವ್ತೀಯ ಅಂತ ಯಾರೋ ಅಂದ್ರು. ಅಜ್ಜಿ ಮನೇನ?"

"ಛೆ ಛೆ, ಯಾರು ಹೇಳಿದ್ದು!" ಎಂದ ದೂಸಿಕ್.

ಎಲ್ಲರೂ ಹೋದ ಮೇಲೆ ನಾನು ಅಕ್ಕನ ಕೋಣೆಯ ಸೂರಿಗೆ ಹೊಸ ಕಾಗದ ಅಂಟಿಸಿದೆ. ತೊಲೆಯ ಬರಹದ ಕೆಳಗಷ್ಟು ಜಾಗ ಬಿಟ್ಟು ಅಂಟಿಸಿದೆ, ಕೂತಲ್ಲಿಂದಲೇ ಕಾಣಲಿ ಎಂದು.

"ಅಕ್ಕಾ, ನಿಜ ಹೇಳು. ಗೆತೊಂಗ್ ನಿಮ್ಮೋರೇನಾ?"

"ಅವನ ಪುಸ್ತಕ ನಿಜಾನಾ?" ಎಂದಳು ಅಕ್ಕ. "ಅವನು ಚರ್ಮದ ರಟ್ಟು ಹಾಕ್ಸಿದ್ದ. ನಾನು ಬಾಯಲ್ಲಿ ಹೇಳ್ದೆ."

ಅವಳು ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ತಿಳಿದುಕೊಳ್ಳುವ ಆಸೆಯೂ ಇಲ್ಲ.

ಈ ಸಲದ ಹೊಸ ವರ್ಷಕ್ಕೆ ಚಳಿ ಹಲ್ಲು ಕಟಕಟಿಸುವ ಹಾಗಿತ್ತು. ನಾನು ಅಕ್ಕನಿಗೆ ಅಕ್ಕಿ ಕಡುಬಿನ ಬಿಲ್ಲೆ ಹಾಕಿದ ಸಾರು ತಂದುಕೊಟ್ಟು ಅಲ್ಲೇ ಕೂತಿದ್ದೆ. ದೊಡ್ಡಯ್ಯ ಮಾತಿಗೆ ತಪ್ಪದೆ ಬಂದು ಅಕ್ಕನ ಪಕ್ಕದಲ್ಲಿ ಕೂತಿದ್ದರು. ಹೊರಗೆ ಹೆಬ್ಬಾಗಿಲಿಗೆ ಹೊಸ ಫಲಕ ಬಿದ್ದಿತ್ತು: 'ಸೋಲ್ಮೆಯ ಆಳುಗಳ ಸಾಲು.' ಹೊಡೆಸುವ ಕೂಲಿ ದೂಸಿಕ್ಕನೇ ಕೊಟ್ಟಿದ್ದ. ಬಂದವರಿಗೆ ಅದರ ಮುಂದೆಯೇ ನಿಂತು ಗೆತೊಂಗ್ ಮಹಾಪುರುಷರ ಕಥೆ ಹೇಳುತ್ತಿದ್ದನಂತೆ.

ಬಾಗಿಲು ಸರಿಯಿತು. ಈ ಸಲ ಅವನ ತಲೆ ಚೌಕಟ್ಟಿಗೆ ಬಡಿಯಲಿಲ್ಲ. ನಡು ಬಗ್ಗಿಸಿ, ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಮೊಣಕಾಲೂರಿ ಹಣೆ ನೆಲಕ್ಕೆ ಮುಟ್ಟಿಸಿದ.

"ಹೊಸ ವರ್ಷ ಒಳ್ಳೇದಾಗ್ಲಿ... ಅಜ್ಜಿ."

ಅಕ್ಕ ಕುಪ್ಪಸದೊಳಗಿಂದ ಮಡಿಸಿದ ಒಂದು ಸಾವಿರ ವೋನ್, ಅಂದರೆ ನಮ್ಮಲ್ಲಿನ ಎಲ್ಲಕ್ಕಿಂತ ಸಣ್ಣ ನೋಟು ತೆಗೆದು, ಹಬ್ಬಕ್ಕೆ ಅಡ್ಡಬಿದ್ದ ಚಿಕ್ಕ ಮಕ್ಕಳಿಗೆ ಕೊಡುವ ಹಾಗೆ ಅವನ ಕೈಗಿಟ್ಟಳು.

"ಮಿಠಾಯಿ ತಿನ್ನು ಮರಿ. 'ಚೆನ್ನಾಗಿ ಓದು' ಅನ್ನೋಣ ಅಂದ್ರೆ ವಯಸ್ಸಾಗೋಯ್ತು ನಿಂಗೆ."

ದೊಡ್ಡಯ್ಯನಿಗೆ ಸಾರು ನೆತ್ತಿಗೇರಿತು. ಕೆಲಸ ಮುಗಿದರೂ ದೂಸಿಕ್ ಏಳಲಿಲ್ಲ. ಅಂಗೈ ನೆಲಕ್ಕೆ ಊರಿದವನು ಹಾಗೇ ಇದ್ದ. ತುಟಿ ನೀಲಿಯಾಗಿತ್ತು. ಹಿಂದಿನ ಸಂಜೆ ಕರೆಂಟು ಹೋದದ್ದು ಬಂದಿರಲಿಲ್ಲ, ಚಾಪೆ ಸತ್ತಿತ್ತು, ಅಷ್ಟೆತ್ತರದ ಚಿಮಣಿ ಮನೆಯ ಬಿಸಿಯನ್ನೆಲ್ಲ ಊರಿನ ಮೋಡಕ್ಕೆ ದಾನ ಮಾಡುತ್ತಿತ್ತು. ಅವನ ಬೆರಳುಗಳು ಮೆಲ್ಲಗೆ ಒಲೆಯ ಕಡೆಗೆ, ಬೆಲ್ಲದ ಬಣ್ಣದ ಜಾಗಕ್ಕೆ ತೆವಳುತ್ತಿದ್ದವು.

"ಅಜ್ಜೀ, ಸ್ವಲ್ಪ ಹೊತ್ತು... ಇಲ್ಲೇ ಕೂತಿರ್ಲಾ?"

ಅಕ್ಕ ಸಾರಿನ ಬಟ್ಟಲು ಕೆಳಗಿಟ್ಟಳು. ಬೆಚ್ಚನೆಯ ಜಾಗದಲ್ಲಿ ಕಾಲು ಇನ್ನಷ್ಟು ಚಾಚಿಕೊಂಡು, ಬಾಗಿಲ ಪಕ್ಕದ ತಣ್ಣನೆಯ ಮೂಲೆಯ ಕಡೆಗೆ ಗದ್ದ ಎತ್ತಿ ತೋರಿಸಿದಳು.

"ಕೂತ್ಕೋಪ್ಪ, ಯಾರು ಬೇಡ ಅಂದ್ರು? ಅಲ್ಲಿ ಕೂತ್ಕೋ. ಚಿಕ್ಕೋರ ಜಾಗ ಅದು."